ಹಿಂದಿನ ಸೀಟಿನ ತಲೆನೋವು

ಹಲ್ಲಿನ ಡಾಕ್ಟರಿಗೆ ವಾಸನೆಯ ವಿಷಯದಲ್ಲಿ ದಾಕ್ಷಿಣ್ಯವೆಂಬುದೇ ಇರಲಿಲ್ಲ. ಕುರ್ಚಿಯ ಮೇಲೆ ಅಂಗಾತ ಮಲಗಿ, ಬಾಯಿ ಅಗಲಿಸಿಕೊಂಡು, ದೀಪದ ಬೆಳಕಿಗೆ ಕಣ್ಣು ಮುಚ್ಚಿಕೊಂಡ ರೋಗಿಯನ್ನು ಅವರು ಮೊದಲು ಕೇಳುತ್ತಿದ್ದುದು ನೋವಿನ ಬಗ್ಗೆ ಅಲ್ಲ. "ಏನ್ರೀ ಇದು, ಬಾಯೋ ಚರಂಡಿಯೋ?" ಎಂದೇ ಶುರು. ಬಾಯೊಳಗೆ ಕನ್ನಡಿ, ಕೊಕ್ಕೆ, ನೀರು ಹೀರುವ ನಳಿಗೆ ಮೂರೂ ಇರುವಾಗ ಯಾರು ತಾನೇ ಉತ್ತರ ಕೊಟ್ಟಾರು? "ಆಂ" ಎನ್ನುತ್ತಿದ್ದರು. ಅದನ್ನೇ ತಪ್ಪೊಪ್ಪಿಗೆ ಎಂದು ತಿಳಿದು ಡಾಕ್ಟರು ಮುಂದುವರಿಯುತ್ತಿದ್ದರು. "ಎಷ್ಟು ದಿನದಿಂದ? ಮೂರು ತಿಂಗಳಾ? ಮೂರು ತಿಂಗಳು ಲವಂಗ ಇಟ್ಕೊಂಡು ಕೂತಿದ್ರಾ? ಪಕ್ಕದ ಮನೆಯವರು ಹೇಳಿದ್ರು, ಅತ್ತಿಗೆ ಹೇಳಿದ್ರು, ಮೊಬೈಲಲ್ಲಿ ಬಂತು ಅಂತ ಕಂಡಿದ್ದೆಲ್ಲ ಮಾಡಿ, ಹಲ್ಲು ಕೈಗೆ ಬಂದ್ಮೇಲೆ ನನ್ನ ಹತ್ರ ಬರ್ತೀರಿ."

ಇಂಥ ಡಾಕ್ಟರು ತಮ್ಮ ಐವತ್ತೊಂದನೆಯ ವಯಸ್ಸಿನಲ್ಲಿ ಒಂದು ಕಾರು ತೆಗೆದುಕೊಂಡರು. ಹುಟ್ಟಿನಿಂದಲೇ ಓಡುವ ಜಾತಿಯದು. ಕಡುನೀಲಿ ಬಣ್ಣ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ನಿಂತ ಭಂಗಿ. ಮನೆಯಿಂದ ಕ್ಲಿನಿಕ್ಕಿಗೆ ನಾಲ್ಕು ನಿಮಿಷದ ದಾರಿ. ಅದರಲ್ಲಿ ಎರಡು ನಿಮಿಷ ಸಿಗ್ನಲ್ಲಿನಲ್ಲೇ ಕಳೆಯುತ್ತಿತ್ತು. ಉಳಿದ ಎರಡು ನಿಮಿಷಕ್ಕೆ ಕಾರಿನ ಶಕ್ತಿ ಸಾಲದು ಎಂದು ಒಂದೇ ತಿಂಗಳಲ್ಲಿ ಡಾಕ್ಟರಿಗೆ ಅನ್ನಿಸಿತು. ಅವರು ಅದನ್ನು ಪ್ರೊಫೆಸರನ ಕೈಗೆ ಒಪ್ಪಿಸಿದರು.

ಪ್ರೊಫೆಸರ್ ಎಂದು ಹೆಸರಾದ ಈ ಆಸಾಮಿ ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ. ದಪ್ಪ ಚೌಕಟ್ಟಿನ ಕನ್ನಡಕ, ಕಂಕುಳು ಬಿಟ್ಟು ಕೆಳಗಿಳಿಯದ ಲ್ಯಾಪ್‌ಟಾಪು, ಇವೆರಡೂ ಸೇರಿ ಆ ಬಿರುದನ್ನು ತಂದುಕೊಟ್ಟಿದ್ದವು. ಕಾರುಗಳನ್ನು ಇನ್ನಷ್ಟು ಜೋರಾಗಿ ಓಡುವಂತೆ ಮಾಡುವುದು ಅವನ ಕಸುಬು. ಅವನ ವರ್ಕ್‌ಶಾಪಿನಲ್ಲಿ ಬಿಳಿ ಟೈಲ್ಸಿನ ನೆಲ, ಗಾಜಿನ ಬಾಗಿಲು, ತಣ್ಣನೆ ಎಸಿ. ನೆಲದ ಮೇಲೆ ಎಣ್ಣೆಯ ಒಂದು ಹನಿ ಕಲೆಯಿಲ್ಲ. ರಿಪೇರಿಯ ಜಾಗ ಅಷ್ಟೊಂದು ಶುಭ್ರವಾಗಿದ್ದರೆ ಅಲ್ಲಿ ರಿಪೇರಿ ನಡೆಯುತ್ತದೆಯೋ ಇಲ್ಲವೋ ಎಂಬ ಅನುಮಾನ ಯಾರಿಗಾದರೂ ಬರಬೇಕು. ಡಾಕ್ಟರಿಗೆ ಮಾತ್ರ ತಮ್ಮದೇ ಕ್ಲಿನಿಕ್ಕಿಗೆ ಬಂದ ಹಾಗಾಯಿತು. ಕೂತರು, ಕಾಫಿ ಕುಡಿದರು, ಹೂಂ ಅಂದರು.

ಪ್ರೊಫೆಸರ್ ಇಂಜಿನ್ನಿಗೆ ಗಾಳಿ ತುರುಕುವ ದೊಡ್ಡ ಟರ್ಬೊ ಕೂರಿಸಿದ. ಹಳೆಯ ಹೊಗೆಕೊಳವೆ ಕಿತ್ತು ತೋಳುಗಾತ್ರದ್ದನ್ನು ಹಾಕಿದ. ಬಂಪರಿನಿಂದ ಆಚೆ ಚಾಚಿಕೊಂಡಿದ್ದ ಅದರ ತುದಿಯನ್ನು, "ಲುಕ್ ಬರಲ್ಲ ಸಾರ್," ಎಂದು ಗೇಣುದ್ದ ಕತ್ತರಿಸಿದ. ಡಿಕ್ಕಿಯ ಮುಚ್ಚಳಕ್ಕೆ ತೂತು ಕೊರೆದು, ಶಾಲೆಯ ಬೆಂಚಿನಷ್ಟು ಉದ್ದದ ರೆಕ್ಕೆಯೊಂದನ್ನು ಬಿಗಿದ. ಇಂಜಿನ್ನು ಎಷ್ಟು ಪೆಟ್ರೋಲ್ ಕುಡಿಯಬೇಕೆಂಬ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ತಿದ್ದಿದ. ಅದಕ್ಕೆ ಅವನು ‘ಮ್ಯಾಪ್’ ಎನ್ನುತ್ತಿದ್ದ. ಕೊನೆಗೆ ಮುಂದಿನ ಎರಡೂ ಸೀಟು ತೆಗೆದು ರೇಸಿನವರು ಕೂರುವಂಥ ಬಕೆಟ್ ಸೀಟು ಹಾಕಿದ.

ಆ ಬಕೆಟ್ಟಿನಲ್ಲಿ ಡಾಕ್ಟರ ಹೆಂಡತಿ ಒಂದೇ ಒಂದು ಸಲ ಕೂತಳು. ಕೂತದ್ದು ಸುಲಭವಾಗಿತ್ತು, ಏಳುವಾಗ ಗಂಡ ಒಂದು ಕೈ, ಹೆತ್ತ ತಾಯಿ ಒಂದು ಕೈ ಹಿಡಿದು ಎಳೆಯಬೇಕಾಯಿತು. ಅಂದಿನಿಂದ ಅವಳು ತಾಯಿಯ ಜೊತೆ ಹಿಂದಿನ ಸೀಟಿಗೆ ಸರಿದಳು. ಮಂಡಿ ಆಪರೇಷನ್ ಆದಮೇಲೆ ತಾಯಿ ಮಗಳ ಮನೆಯಲ್ಲೇ ಇದ್ದರು. ಮೂವತ್ತು ವರ್ಷ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಎಂಥೆಂಥ ಡಾಕ್ಟರುಗಳನ್ನೋ ಕಂಡವರು. ಹಾಗಾಗಿ ಅಳಿಯನ ಮೇಲೆ ಅವರಿಗೆ ಪ್ರೀತಿಯಿತ್ತು, ಗೌರವ ಸ್ವಲ್ಪ ಕಡಿಮೆಯಿತ್ತು. ರೆಕ್ಕೆ ನೋಡಿದ ದಿನವೇ, "ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ ಅಳಿಯಂದ್ರೇ," ಎಂದಿದ್ದರು.

ನಾಲ್ಕು ನಿಮಿಷದ ದಾರಿ ಕಾರಿಗೆ ಅವಮಾನವೆಂದು ಬಗೆದ ಡಾಕ್ಟರು ಬೆಳಗ್ಗೆ ಹೆಂಡತಿಯನ್ನು ಶಾಲೆಗೆ ಬಿಡುವ ವ್ರತ ಹಿಡಿದರು. ಅವಳು ಊರಿನ ಆ ತುದಿಯ ಶಾಲೆಯಲ್ಲಿ ಮೂರನೆಯ ತರಗತಿಗೆ ಟೀಚರು. ಹದಿನಾರು ವರ್ಷ ಬಸ್ಸಿನಲ್ಲಿ ಹೋಗಿ ಬಂದವಳು. ಆಗೆಲ್ಲ ಒಂದು ದಿನವೂ "ಬಿಡಲಾ?" ಎನ್ನದವರು ಈಗ ಏಳೂವರೆಗೇ ಹಾರ್ನ್ ಹೊಡೆಯುತ್ತಿದ್ದರು. ಡ್ರೈವರ್ ಕಡೆಯ ಕಿಟಕಿ ಪೂರ್ತಿ ಇಳಿಸಿ, ಮೊಳಕೈ ಹೊರಗಿಟ್ಟು, ತಮ್ಮ ಕಾರಿನ ಗುಡುಗನ್ನು ತಾವೇ ಕೇಳಿಕೊಳ್ಳುತ್ತ ಅರ್ಧ ಗಂಟೆ ಓಡಿಸುತ್ತಿದ್ದರು. ಬರುವಾಗ ಅವಳು ಬಸ್ಸು ಹಿಡಿದು ಬರುತ್ತಿದ್ದಳು.

ವಾಸನೆ ಶುರುವಾದದ್ದು ಎರಡನೆಯ ತಿಂಗಳು. ಕೊಳೆತ ಮೊಟ್ಟೆಯ ವಾಸನೆ. ಅದರ ಹಿಂದೆಯೇ ಕಣ್ಣುರಿಸುವ ಪೆಟ್ರೋಲಿನ ಘಾಟು. ಕಾರು ಗೇಟು ದಾಟಿದರೆ ಎದುರು ಮನೆಯ ಕಿಟಕಿ ಪಟಪಟನೆ ಮುಚ್ಚಿಕೊಳ್ಳುತ್ತಿತ್ತು. ಶಾಲೆಯ ಗೇಟಿನಲ್ಲಿ ಮಕ್ಕಳು ಮೂಗು ಹಿಡಿದುಕೊಂಡು ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಿದ್ದರು. "ರೀ, ಏನೋ ಕೊಳೆತ ವಾಸನೆ ಬರ್ತಿದೆ," ಎಂದಳು ಹೆಂಡತಿ.

"ಅದು ಕೊಳೆತದ್ದಲ್ಲ ಕಣೇ, ಪವರ್ರು. ನಿನಗೆ ಅಭ್ಯಾಸ ಇಲ್ಲ ಅಷ್ಟೆ."

ಆದರೂ ಒಳಗೊಳಗೆ ಡಾಕ್ಟರಿಗೆ ಇರುಸುಮುರುಸಾಗಿರಬೇಕು. ತಮ್ಮ ವೇಗದ ಕಾರಿನ ಗೆಳೆಯರ ಬಳಗಕ್ಕೆ ಮೊಬೈಲಿನಲ್ಲಿ ವಿಷಯ ಹಾಕಿದರು. ಬಳಗವೆಂದರೆ ಒಬ್ಬ ಬಿಲ್ಡರು, ಒಬ್ಬ ಚಿನ್ನದಂಗಡಿಯವರು, ಒಬ್ಬ ಔಷಧದ ಹೋಲ್‌ಸೇಲ್ ವ್ಯಾಪಾರಿ. ಮೂವರ ಕಾರಿಗೂ ಪ್ರೊಫೆಸರನದೇ ಪೈಪು. ಮೂವರೂ ಜನ್ಮದಲ್ಲಿ ಸ್ಪ್ಯಾನರ್ ಹಿಡಿದವರಲ್ಲ, ಆದರೆ ಉತ್ತರ ಕೊಡುವುದಕ್ಕೆ ಕೈ ಕೊಳೆಯಾಗಬೇಕೆಂದೇನೂ ಇಲ್ಲವಲ್ಲ. ಪೆಟ್ರೋಲ್ ಬಂಕ್ ಬದಲಿಸಿ ಎಂದರು ಬಿಲ್ಡರು. ಬ್ಯಾಟರಿ ಇರಬೇಕು ಎಂದರು ಚಿನ್ನದಂಗಡಿಯವರು. ಇಲಿ ಸತ್ತಿರಬಹುದು, ನಮ್ಮ ಗೋಡೌನಿನಲ್ಲಿ ಹೀಗೇ ಆಗಿತ್ತು ಎಂದರು ಔಷಧದವರು. ಡಾಕ್ಟರು ಬಂಕ್ ಬದಲಿಸಿದರು, ಬ್ಯಾಟರಿ ಹೊಸದು ಹಾಕಿಸಿದರು, ಸೀಟಿನಡಿಯಲ್ಲಿ ಟಾರ್ಚ್ ಬಿಟ್ಟು ಇಲಿ ಹುಡುಕಿದರು. ಕಡೆಗೆ ಗುಲಾಬಿ ಪರಿಮಳದ ಮೂರು ಡಬ್ಬಿ ತಂದಿಟ್ಟರು. ಕೊಳೆತ ಮೊಟ್ಟೆಗೆ ಅತ್ತರು ಸವರಿದ ಹಾಗಾಯಿತು.

ಪ್ರೊಫೆಸರ್ ಕಾರಿನ ಕೆಳಗೆ ಬಗ್ಗಲಿಲ್ಲ. ಪ್ಯಾಂಟು ಬಿಳಿಯದಿತ್ತು. ಸ್ಟೀರಿಂಗಿನ ಅಡಿಗೆ ವೈರು ಚುಚ್ಚಿ, ಲ್ಯಾಪ್‌ಟಾಪು ನೋಡಿ, "ಪೆಟ್ರೋಲ್ ಕಮ್ಮಿ ಬೀಳ್ತಿದೆ ಅಂತ ತೋರಿಸ್ತಿದೆ ಸಾರ್. ಮ್ಯಾಪ್ ಚೇಂಜ್ ಮಾಡಿ ಸ್ವಲ್ಪ ಜಾಸ್ತಿ ಬಿಡ್ತೀನಿ," ಎಂದ. ಬಿಟ್ಟ. ವಾಸನೆ ಹೆಚ್ಚಾಯಿತು. ಮತ್ತೆ ಹೋದರೆ, ಒಂದು ವಾರ ಕಾರನ್ನು ಅಲ್ಲೇ ಇರಿಸಿಕೊಂಡು ಮತ್ತೂ ಸ್ವಲ್ಪ ಬಿಟ್ಟ. ಪೆಟ್ರೋಲ್ ಬಂಕಿನವರು ಡಾಕ್ಟರಿಗೆ ನಮಸ್ಕಾರ ಹಾಕುವಷ್ಟು ಪರಿಚಯವಾಯಿತು.

ಇದೇ ಹೊತ್ತಿಗೆ ಹೆಂಡತಿಗೆ ತಲೆನೋವು ಅಂಟಿಕೊಂಡಿತು. ಬೆಳಗ್ಗೆ ಮೊದಲ ಪಾಠದ ಹೊತ್ತಿಗೆ ಹಣೆಗೆ ಸುತ್ತಿಗೆಯಲ್ಲಿ ಹೊಡೆದಂಥ ನೋವು, ಹೊಟ್ಟೆ ತೊಳಸು, ಬೋರ್ಡಿನ ಮೇಲೆ ಬರೆದ ಲೆಕ್ಕ ತನಗೇ ತಿಳಿಯದು. ಮಧ್ಯಾಹ್ನದ ಹೊತ್ತಿಗೆ ತಾನಾಗಿ ಇಳಿಯುತ್ತಿತ್ತು. ಅವಳು ಗಂಡನಿಗೆ ಹೇಳಿದಳು. ಡಾಕ್ಟರು ಊಟದ ಮೇಜಿನ ಬಳಿಯೇ ಅವಳ ದವಡೆ ಹಿಡಿದು, ಬಾಯಿ ತೆರೆಸಿ, ಮೊಬೈಲ್ ಟಾರ್ಚಿನಲ್ಲಿ ನೋಡಿ ತೀರ್ಪು ಕೊಟ್ಟರು. "ನಿದ್ದೇಲಿ ಹಲ್ಲು ಕಡೀತೀಯ. ದವಡೆ ಬಿಗಿದು ತಲೆಗೆ ಏರ್ತಿದೆ."

"ನಾನಾ? ಯಾವತ್ತೂ ಇಲ್ಲವಲ್ರೀ."

"ನಿದ್ದೇಲಿ ಮಾಡೋದು ನಿನಗೆ ಹೇಗೆ ಗೊತ್ತಾಗ್ಬೇಕು?"

ಅಳತೆ ತೆಗೆದು, ಅವಳ ಹಲ್ಲಿಗೆ ಪ್ಲಾಸ್ಟಿಕ್ಕಿನ ಒಂದು ಕವಚ ಮಾಡಿಸಿ ತಂದರು. ಮಲಗುವಾಗ ಕಚ್ಚಿಕೊಳ್ಳಬೇಕು. ಎರಡು ತಿಂಗಳು ಅವಳು ಅದನ್ನು ಕಚ್ಚಿಕೊಂಡೇ ಮಲಗಿದಳು. ತಲೆನೋವು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. "ಸರಿಯಾಗಿ ಕಚ್ಕೊಳ್ತಿಲ್ಲ ನೀನು," ಎಂದರು ಡಾಕ್ಟರು.

ಹೀಗಿರುವಾಗ ಎರಡು ಗಂಟೆ ದೂರದ ಪಟ್ಟಣದಲ್ಲಿ ಹಲ್ಲಿನ ವೈದ್ಯರ ಸಭೆಯೊಂದು ನಡೆಯಿತು. ನಮ್ಮ ಡಾಕ್ಟರದು ಅದರಲ್ಲಿ ಮುಖ್ಯ ಉಪನ್ಯಾಸ. ವಿಷಯ, ಬಾಯಿಯ ದುರ್ವಾಸನೆ. ಹೆಂಡತಿಯ ಸೋದರಮಾವನ ಮನೆ ಅದೇ ಪಟ್ಟಣದಲ್ಲಿದ್ದುದರಿಂದ ತಾಯಿ ಮಗಳು ಇಬ್ಬರೂ ಹೊರಟರು. ಹೆದ್ದಾರಿಯುದ್ದಕ್ಕೂ ಡಾಕ್ಟರು ಕಿಟಕಿ ಇಳಿಸಿ, ಕಾಲು ಊರಿ ಓಡಿಸಿದರು. ಹಿಂದೆ ಇಬ್ಬರು ಹೆಂಗಸರೂ ಒಬ್ಬರ ಹೆಗಲಿಗೊಬ್ಬರು ಒರಗಿ ತೂಕಡಿಸಿದರು. "ನೋಡು, ಎಷ್ಟು ಸ್ಮೂತಾಗಿ ಹೋಗ್ತಿದೆ, ನಿದ್ದೆ ಬಂದ್ಬಿಡ್ತು ನಿಮಗೆ," ಎಂದು ಅವರು ಹೆಮ್ಮೆಪಟ್ಟರು.

ಸಭಾಂಗಣದಲ್ಲಿ ಡಾಕ್ಟರು ಕಾಲಿಟ್ಟ ಕಡೆಯೆಲ್ಲ ಜನ ಚಪ್ಪಲಿಯ ಅಡಿ ತಿರುಗಿಸಿ ನೋಡಿಕೊಂಡರು. ವ್ಯವಸ್ಥಾಪಕರು ಟಾಯ್ಲೆಟ್ಟಿನ ಪೈಪು ಒಡೆದಿದೆಯೆಂದು ತಿಳಿದು ಪ್ಲಂಬರಿಗೆ ಫೋನ್ ಮಾಡಿದರು. ದಾರಿಯುದ್ದಕ್ಕೂ ಹಿಂದಿನ ಸೀಟಿನ ಬಳಿ ತೂಗಿಬಿಟ್ಟಿದ್ದ ಕೋಟಿನ ನೂಲುನೂಲಿಗೂ ಇಳಿದಿದ್ದ ಆ ಪರಿಮಳವನ್ನು ಹೊತ್ತು ವೇದಿಕೆಯೇರಿದ ಡಾಕ್ಟರು ಗಂಟಲು ಸರಿಪಡಿಸಿಕೊಂಡು, "ಈ ರೋಗದ ವಿಶೇಷ ಏನಂದ್ರೆ, ಎಲ್ಲರಿಗೂ ಗೊತ್ತಾಗತ್ತೆ, ರೋಗಿ ಒಬ್ಬನಿಗೆ ಗೊತ್ತಾಗಲ್ಲ," ಎಂದರು. ಮೊದಲ ಸಾಲಿನಲ್ಲಿ ನಾಲ್ಕು ಕರವಸ್ತ್ರ ಮೂಗಿಗೇರಿದವು. ತಮ್ಮ ಮಾತು ನಾಟಿತೆಂದುಕೊಂಡು ಡಾಕ್ಟರು ಇನ್ನೂ ಹತ್ತು ನಿಮಿಷ ಹೆಚ್ಚಿಗೆ ಮಾತಾಡಿದರು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು. ಬಿದ್ದದ್ದು ಅದಕ್ಕಿನ್ನೂ ತಿಳಿದಿರಲಿಲ್ಲ.

ವಾಪಸು ಬರುವ ದಾರಿಯಲ್ಲಿ, ಮಧ್ಯಾಹ್ನ ಮೂರರ ಸುಮಾರಿಗೆ, ಹೆಂಡತಿ ಬಕೆಟ್ ಸೀಟಿನ ಬೆನ್ನಿಗೆ ಎರಡೂ ಕೈಯಿಂದ ಗುದ್ದಿದಳು. "ನಿಲ್ಸೀ! ಅಮ್ಮ ಮಾತಾಡ್ತಿಲ್ಲ, ನಿಲ್ಸೀ!"

ನಿಲ್ಲಿಸಿ ನೋಡಿದರೆ ಅತ್ತೆಯವರ ತಲೆ ಎದೆಯ ಮೇಲೆ ಜೋತಿತ್ತು. ಹೆಂಡತಿ ಕೆಳಗಿಳಿದವಳೇ ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡಳು; ಬಾಯಿ ಒರೆಸಿಕೊಂಡು ಬಂದು ತಾಯಿಯ ಕಂಕುಳಿಗೆ ಕೈಹಾಕಿದಳು. ಇಬ್ಬರೂ ಸೇರಿ ಅತ್ತೆಯವರನ್ನು ಮರದ ನೆರಳಿಗೆ ತಂದು ಮಲಗಿಸಿದರು. ಡಾಕ್ಟರು ಬಾಯಿ ಬಿಡಿಸಿ ನೋಡಹೋದರು, ಅಭ್ಯಾಸಬಲ. ಹೆಂಡತಿ ಆ ಕೈಯನ್ನು ತಳ್ಳಿದಳು.

ಹತ್ತು ನಿಮಿಷ ಗಾಳಿ ಕುಡಿದಮೇಲೆ ಅತ್ತೆ ಕಣ್ಣು ಬಿಟ್ಟರು. ಮೊದಲು ತಮ್ಮ ನಾಡಿ ತಾವೇ ಹಿಡಿದು ನೋಡಿಕೊಂಡರು. ಆಮೇಲೆ ಮಗಳನ್ನು ಕೇಳಿದರು.

"ನಿನಗೆ ತಲೆನೋವು ಶಾಲೆಗೆ ಹೋಗ್ತಾ ಬರತ್ತೋ, ಬರ್ತಾ ಬರತ್ತೋ?"

"ಹೋಗ್ತಾ."

"ಕಾರು ಗ್ಯಾರೇಜಿಗೆ ಬಿಟ್ಟಿದ್ರಲ್ಲ, ಆ ವಾರ?"

ಮಗಳು ಬೆರಳು ಮಡಚಿ ದಿನ ಎಣಿಸಿದಳು. "ಆ ವಾರ ಬಸ್ಸಲ್ಲಿ ಹೋದೆ. ಒಂದಿನಾನೂ ಬರಲಿಲ್ಲ."

"ಹಲ್ಲು ಆ ವಾರಾನೂ ಬಾಯಲ್ಲೇ ಇತ್ತಲ್ವಾ?" ಎಂದರು ಅತ್ತೆ.

ಅವರು ಮತ್ತೆ ಆ ಕಾರು ಹತ್ತಲಿಲ್ಲ. ಟ್ಯಾಕ್ಸಿ ಕರೆಸಿ, ಮಗಳನ್ನೂ ಕೂರಿಸಿಕೊಂಡು ನೇರವಾಗಿ ತಾವು ಕೆಲಸ ಮಾಡಿದ್ದ ಆಸ್ಪತ್ರೆಗೆ ಹೋದರು. ಯಾವ ಪರೀಕ್ಷೆ ಮಾಡಬೇಕೆಂದು ತಾವೇ ಹೇಳಿ ಇಬ್ಬರ ರಕ್ತವನ್ನೂ ಕೊಡಿಸಿದರು. ಅಷ್ಟು ಹೊತ್ತು ಕಳೆದಿದ್ದರೂ ರಕ್ತದಲ್ಲಿ ಹೊಗೆಯ ವಿಷ ಉಳಿದಿತ್ತು. ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರು ವರದಿಯಿಂದ ತಲೆಯೆತ್ತಿ, "ಎಷ್ಟು ವರ್ಷದಿಂದ ಸಿಗರೇಟ್ ಸೇದ್ತೀರಿ ಅಜ್ಜಿ?" ಎಂದು ಕೇಳಿದರು.

"ಅಳಿಯ ಕಾರು ತಗೊಂಡಾಗಿಂದ."

ಮನೆಯಲ್ಲಿ ವರದಿಯನ್ನು ಎರಡು ಸಲ ಓದಿದ ಹಲ್ಲಿನ ಡಾಕ್ಟರು, "ಲ್ಯಾಬಿನವರದ್ದು ತಪ್ಪಿರ್ಬೇಕು," ಎಂದರು. ಹೆಂಡತಿ ಮೊಳೆಯ ಮೇಲಿದ್ದ ಕಾರಿನ ಕೀ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅವರ ಒಂದು ವಸ್ತುವನ್ನು ಕೇಳದೆ ತೆಗೆದುಕೊಂಡದ್ದು ಅದೇ ಮೊದಲು. "ಪ್ರೊಫೆಸರ್ ಹತ್ರ ತೋರಿಸ್ತೀನಿ, ಕೊಡು," ಎಂದರು. ಅವಳು ಕೊಡಲಿಲ್ಲ. ಆಸ್ಪತ್ರೆಯ ಆಂಬುಲೆನ್ಸುಗಳ ಸೈಲೆನ್ಸರ್ ರಿಪೇರಿಯನ್ನೆಲ್ಲ ಮಾಡುತ್ತಿದ್ದ ಹೊಗೆಯಕ್ಕನ ಹೆಸರನ್ನು ಅತ್ತೆ ಹೇಳಿದರು. ಮರುದಿನ ಬೆಳಗ್ಗೆ ಟೋಯಿಂಗ್ ಗಾಡಿಯ ಮೇಲೆ ನೀಲಿ ಕಾರು ಅಲ್ಲಿಗೆ ಹೊರಟಿತು. ಎದುರು ಮನೆಯವರು ಕಿಟಕಿ ತೆಗೆದು ನೋಡಿದರು.

ಹೊಗೆಯಕ್ಕನ ಶೆಡ್ಡಿಗೆ ತಗಡಿನ ಮಾಡು, ಮಸಿ ಹಿಡಿದ ಗೋಡೆ. ಸಾಲುಸಾಲು ಕೊಕ್ಕೆಗಳಿಗೆ ಬಾಗಿದ, ಡೊಂಕಾದ, ತುಕ್ಕು ತಿಂದ ಪೈಪುಗಳು ನೇತುಬಿದ್ದಿದ್ದವು. ಅಪ್ಪನಿಂದ ಕಲಿತ ವೆಲ್ಡಿಂಗ್ ಕೆಲಸ, ಐವತ್ತೈದರ ಹೆಂಗಸು, ಹೊಗೆ ಬಿಟ್ಟರೆ ಕಾರಿನ ಬೇರೆ ಭಾಗವನ್ನು ಕೇಳಿದರೂ ಮುಟ್ಟುತ್ತಿರಲಿಲ್ಲ. ಹೆಂಡತಿ ಕೀ ಹಿಡಿದು ಕಾರಿನ ಪಕ್ಕದಲ್ಲೇ ನಿಂತಳು. ಡಾಕ್ಟರು ಕರವಸ್ತ್ರ ಹಾಸಿ ಸ್ಟೂಲಿನ ಮೇಲೆ ಕೂತು ಮ್ಯಾಪು, ಟರ್ಬೊ, ಬ್ಯಾಟರಿ, ಇಲಿ ಎಲ್ಲವನ್ನೂ ವರ್ಣಿಸಿದರು.

ಹೊಗೆಯಕ್ಕ ಪೂರ್ತಿ ಕೇಳಿ, "ಎಷ್ಟು ದಿನದಿಂದ?" ಎಂದಳು.

"ಮೂರು ತಿಂಗಳು."

"ಮೂರು ತಿಂಗಳು ಏನ್ ಮಾಡ್ತಿದ್ರಿ?"

ಡಾಕ್ಟರು ಈ ಪ್ರಶ್ನೆಯನ್ನು ಸಾವಿರ ಸಲ ಕೇಳಿದ್ದರು, ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ.

ಹೊಗೆಯಕ್ಕ ಬಾನೆಟ್ ಎತ್ತಿ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿದಳು. ತುದಿ ಕಾಡಿಗೆಯಂತೆ ಕಪ್ಪಾಗಿತ್ತು. ಬೆರಳಿಗೆ ಒರೆಸಿಕೊಂಡು ತೋರಿಸಿದಳು. "ಪೆಟ್ರೋಲ್ ಜಾಸ್ತಿ. ಉರಿಯೋಕೆ ಆಗದೆ ಮಸಿ ಕಟ್ಟಿದೆ."

"ಕಮ್ಮಿ ಅಂತಲ್ವಾ ಕಂಪ್ಯೂಟರ್ ತೋರಿಸಿದ್ದು?"

"ಕಂಪ್ಯೂಟರಿಗೆ ಯಾರೋ ಸುಳ್ಳು ಹೇಳ್ತಿದ್ದಾರೆ. ಯಾರು ಅಂತ ನೋಡೋಣ."

ಹಿಂದಿನ ಪೈಪಿನ ಬಾಯಿಗೆ ರಬ್ಬರಿನ ಬಿರಡೆ ಜಡಿದು, ಅದರ ನಡುವಿನ ತೂತಿನಿಂದ ಒಂದು ಯಂತ್ರದ ಬಿಳಿ ಹೊಗೆಯನ್ನು ಒಳಕ್ಕೆ ಊದಿದಳು. ಇಂಜಿನ್ ಬಂದಾಗಿತ್ತು. ಮೂವರೂ ಬಗ್ಗಿ ನೋಡುತ್ತ ನಿಂತರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಟರ್ಬೊದ ಬುಡದಲ್ಲಿ, ಎರಡು ಪೈಪು ಸೇರುವ ಕಡೆ, ಬಿಳಿಯ ಎಳೆಯೊಂದು ಮೆಲ್ಲಗೆ ತಲೆಯೆತ್ತಿತು. ನೋಡುತ್ತಿದ್ದಂತೆ ಬೀಡಿ ಸೇದುವ ಮುದುಕನ ಮೂಗಿನಿಂದ ಬಂದ ಹಾಗೆ ಭುಸ್ಸನೆ ಬರತೊಡಗಿತು. ಅವಳು ನಟ್ಟು ಬಿಚ್ಚಿ ಸಂದಿನಲ್ಲಿ ಹೊಗೆ ಸೋರದಂತೆ ಇಡುವ ಪ್ಯಾಕಿಂಗ್ ತೆಗೆದಳು. ಪೈಪಿನ ಬಾಯಿ ಮೊಟ್ಟೆಯಾಕಾರ, ಪ್ಯಾಕಿಂಗಿನ ತೂತು ಗುಂಡಗೆ.

"ಇದು ಬೇರೆ ಯಾವ್ದೋ ಕಾರಿಂದು. ಕೈಗೆ ಸಿಕ್ಕಿದ್ದು ತುರುಕಿದ್ದಾರೆ," ಎಂದಳು. ಆ ಸಂದಿನಿಂದ ಒಂದು ಗೇಣು ಕೆಳಗೆ ಪೈಪಿಗೆ ಚುಚ್ಚಿಕೊಂಡಿದ್ದ ಬೆರಳಿನಷ್ಟು ಉದ್ದದ ಸೆನ್ಸರನ್ನು ಮುಟ್ಟಿ ತೋರಿಸಿದಳು. "ಇದು ಕಾರಿನ ಮೂಗು. ಹೊಗೆ ಮೂಸಿ, ಪೆಟ್ರೋಲ್ ಹೆಚ್ಚೋ ಕಮ್ಮಿಯೋ ಹೇಳತ್ತೆ. ಈ ಸಂದಿಂದ ಹೊಗೆ ಹೊರಗೆ ಹೋಗತ್ತೆ, ಹಂಗೇ ಹೊರಗಿನ ಗಾಳಿ ಒಳಗೂ ಬರತ್ತೆ. ಮೂಗಿಗೆ ಗಾಳಿ ಜಾಸ್ತಿ ಕಾಣ್ಸತ್ತೆ. ಓ, ಪೆಟ್ರೋಲ್ ಸಾಲ್ದು ಅಂತ ಕೂಗತ್ತೆ. ನಿಮ್ಮೋರು ಇನ್ನಷ್ಟು ಸುರೀತಾರೆ. ಹಿಂದೆ ಹೊಗೆ ತೊಳೆಯೋ ಡಬ್ಬಿ ಇದೆಯಲ್ಲ, ಅದು ಅಷ್ಟನ್ನೂ ಅರಗಿಸ್ಕೊಳ್ಳಕ್ಕಾಗ್ದೆ ಕೊಳೆತ ಮೊಟ್ಟೆ ತೇಗತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಂಗಾಗಿದೆ."

ಹೆಂಡತಿ, "ಎಷ್ಟು ತಿಂಗಳು ಬರೆ ಹಾಕಿದ್ರು ಪಾಪ ಎಮ್ಮೆಗೆ," ಎಂದಳು. ಡಾಕ್ಟರು ಗೋಡೆಯ ಮೇಲಿನ ಪೈಪುಗಳನ್ನು ಎಣಿಸುತ್ತಿದ್ದರು.

"ವಾಸನೆ ಬಂದಿದ್ದು ನಿಮ್ಮ ಪುಣ್ಯ," ಎಂದಳು ಹೊಗೆಯಕ್ಕ. "ಕೊಲ್ಲೋ ಗಾಳಿಗೆ ವಾಸನೇನೇ ಇಲ್ಲ. ಈ ಮೊಟ್ಟೆ ವಾಸನೆ ಅದರ ಜೊತೆಗೆ ಬಂದು ಬಾಗಿಲು ಬಡೀತಿತ್ತು. ಸರಿ, ಹೊಗೆ ಒಳಗೆ ಹೇಗೆ ಬಂತು ನೋಡ್ಬೇಕಲ್ಲ. ಡಾಕ್ಟ್ರೇ, ಡಿಕ್ಕಿ ಒಳಗೆ ಮಲಗ್ತೀರಾ?"

"ಏನು?"

"ಮುಚ್ಚಳ ಹಾಕ್ತೀನಿ. ಒಳಗೆ ಎಲ್ಲೆಲ್ಲಿ ಬೆಳಕು ಕಾಣತ್ತೆ ಹೇಳಿ. ನಾನು ಹೊರಗಿಂದ ಸೀಮೆಸುಣ್ಣದಲ್ಲಿ ಗುರುತು ಮಾಡ್ಬೇಕು. ಇವರಿಗೆ ಹುಷಾರಿಲ್ಲ, ಇನ್ಯಾರು ಮಲಗ್ತಾರೆ?"

ಡಾಕ್ಟರು ಕನ್ನಡಕ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಆಮೇಲೆ ಯೋಚಿಸಿ ಮತ್ತೆ ಹಾಕಿಕೊಂಡು, ಮಂಡಿ ಎದೆಗೆ ಮಡಚಿ ಡಿಕ್ಕಿಯೊಳಗೆ ಅಡಗಿದರು. ಮುಚ್ಚಳ ಬಿತ್ತು.

"ಏನ್ ಕಾಣ್ತಿದೆ?"

"ಆಂ?"

"ಬೆಳಕು, ಬೆಳಕು! ಜೋರಾಗಿ ಹೇಳಿ!"

"ಮೇಲೆ ಎರಡು... ಅಲ್ಲ, ನಾಲ್ಕು. ರೆಕ್ಕೆ ಹತ್ರ. ಬಲಗಡೆ ಒಂದು ದೊಡ್ಡದು, ವೈರ್ ಹೋಗಿರೋ ಕಡೆ. ಅಂಚಲ್ಲಿ ಒಂದು ಗೆರೆ ಕಾಣ್ತಿದೆ, ಉದ್ದಕ್ಕೆ."

ರೆಕ್ಕೆಯ ಬೋಲ್ಟುಗಳಿಗೆ ಕೊರೆದ ತೂತು ಬೋಲ್ಟಿಗಿಂತ ದೊಡ್ಡದಾಗಿತ್ತು, ವಾಷರ್ ಇರಲಿಲ್ಲ. ವೈರಿನ ತೂತಿಗೆ ರಬ್ಬರ್ ಇರಲಿಲ್ಲ. ರೆಕ್ಕೆಯ ಭಾರಕ್ಕೆ ಮುಚ್ಚಳವೇ ಸೊಟ್ಟಗಾಗಿ ಅಂಚಿನ ರಬ್ಬರು ಕೂತಿರಲಿಲ್ಲ. ಪೈಪಿನ ತುದಿಯನ್ನು ಗೇಣುದ್ದ ಕತ್ತರಿಸಿದ್ದರಿಂದ ಹೊಗೆ ಬಂಪರಿನ ಅಡಿಯಲ್ಲೇ ಸುತ್ತಿಕೊಂಡು, ಆ ತೂತುಗಳಲ್ಲಿ ನುಗ್ಗಿ, ಡಿಕ್ಕಿ ದಾಟಿ ಹಿಂದಿನ ಸೀಟಿಗೆ ಬರುತ್ತಿತ್ತು. ಹೊಗೆಯಕ್ಕ ಒಂದೊಂದನ್ನೂ ಸುತ್ತುಹಾಕಿ ಗುರುತಿಸಿದಳು.

ಒಳಗಿನಿಂದ ಬಡಿಯುವ ಸದ್ದು ಬಂತು. "ಆಯ್ತಾ? ಉಸಿರು ಕಟ್ತಿದೆ!"

ಮುಚ್ಚಳ ಎತ್ತುವ ಗುಂಡಿ ಹೆಂಡತಿಯ ಕೈಯಲ್ಲಿದ್ದ ಕೀಯಲ್ಲಿತ್ತು. ಅವಳು ಹೊಗೆಯಕ್ಕನ ಮುಖ ನೋಡಿದಳು. ಹೊಗೆಯಕ್ಕ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುತ್ತಿದ್ದಳು. "ಬರೀ ಎರಡು ನಿಮಿಷಕ್ಕೆ ಹೀಗಾದ್ರೆ ಹೇಗ್ರೀ," ಎಂದು ಹೆಂಡತಿ ಮುಚ್ಚಳಕ್ಕೆ ಬಾಯಿ ಹತ್ತಿರ ತಂದು ಹೇಳಿದಳು. "ಅಭ್ಯಾಸ ಆಗತ್ತೆ." ಆಮೇಲೆ ಗುಂಡಿ ಒತ್ತಿದಳು.

ಕೆಂಪಗೆ ಹೊರಬಂದ ಡಾಕ್ಟರನ್ನು ಹೊಗೆಯಕ್ಕ ಕೊನೆಯದಾಗಿ ಒಂದು ಮಾತು ಕೇಳಿದಳು. "ಓಡಿಸುವಾಗ ಕಿಟಕಿ ಇಳಿಸ್ತೀರಾ?"

"ಹೌದು. ಸೌಂಡ್ ಕೇಳ್ಬೇಕಲ್ಲ."

"ಅದಕ್ಕೇ ನಿಮಗೇನೂ ಆಗಿಲ್ಲ. ನೀವು ಮುಂದೆ ಕಿಟಕಿ ತೆಗೆದಷ್ಟೂ ಕಾರು ಹಿಂದಿಂದ ಹೊಗೆ ಎಳ್ಕೊಳ್ಳತ್ತೆ. ನಿಮಗೆ ತಂಗಾಳಿ. ಹಿಂದೆ ಕೂತೋರಿಗೆ ಮಿಕ್ಕಿದ್ದು."

ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಅದು ಅಳುವಲ್ಲ, ಅಷ್ಟು ದಿನ ನುಂಗಿಕೊಂಡಿದ್ದ ಸಿಟ್ಟು. "ಎರಡು ತಿಂಗಳು ನಾನು ಆ ಪ್ಲಾಸ್ಟಿಕ್ ಕಚ್ಕೊಂಡು ಮಲಗಿದೀನಿ," ಎಂದಳು. "ಮಕ್ಕಳ ಮುಂದೆ ಏಳೆಂಟ್ಲ ಎಷ್ಟು ಅಂತ ಮರೆತು ನಿಂತಿದೀನಿ. ನನಗೇ ಏನೋ ಆಗ್ತಿದೆ ಅಂತ ಹೆದರಿಕೊಂಡಿದ್ದೆ. ನೀವು ಒಂದಿನ ಹಿಂದೆ ಕೂತು ನೋಡಿದ್ರೆ ಸಾಕಿತ್ತು."

ಡಾಕ್ಟರು ತಲೆ ತಗ್ಗಿಸಿದರು. ಅಲ್ಲಿಗೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. "ಆದ್ರೂ ಹಲ್ಲು ಕಡಿಯೋದೂ ಒಂದು ಕಾರಣ ಇರ್ಬಹುದು," ಎಂದರು.

ರಿಪೇರಿಗೆ ಎರಡು ದಿನ ಹಿಡಿಯಿತು. ಹೊಸ ಪ್ಯಾಕಿಂಗ್ ಬಂತು, ಪೈಪಿನ ತುದಿ ಬಂಪರಿನಾಚೆಗೆ ಚಾಚಿತು, ತೂತುಗಳು ಮುಚ್ಚಿದವು, ರೆಕ್ಕೆ ಇಳಿಯಿತು. ಪ್ರೊಫೆಸರನು ತಿದ್ದಿದ್ದ ಲೆಕ್ಕವನ್ನು ಅಳಿಸಿ ಕಾರು ತಯಾರಾದಾಗ ಇದ್ದ ಲೆಕ್ಕವನ್ನೇ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಾಕಿಸಿದರು. ಸುದ್ದಿ ಕೇಳಿದ 'ಪ್ರೊಫೆಸರ್' ಫೋನಿನಲ್ಲಿ, "ಆ ಯಮ್ಮಂಗೆ ಟರ್ಬೊ ಅಂದ್ರೆ ಏನು ಗೊತ್ತು ಸಾರ್? ಅದು ಪ್ಯಾಕಿಂಗ್ ಕಂಪನಿಯವರ ತಪ್ಪು," ಎಂದ. ಹೆಂಡತಿ ಮತ್ತೆ ಬಸ್ಸು ಹಿಡಿದಳು. ಕಾರು ಸರಿಹೋಗಿದೆ, ಬಾ ಎಂದು ಡಾಕ್ಟರು ಎಷ್ಟೇ ಗೋಗರೆದರೂ, "ಬಸ್ಸಲ್ಲಿ ಕಿಟಕಿ ನನ್ನ ಕೈಲಿರತ್ತೆ," ಎಂದಳು. ತಲೆನೋವು ಮತ್ತೆ ಬರಲಿಲ್ಲ. ಅಳಿಯ ಗೇಟು ತೆಗೆಯುವ ಸದ್ದಾದರೆ ಸಾಕು, ಅತ್ತೆಯ ಬೆರಳು ಮೂಗಿಗೆ ಹೋಗುತ್ತಿತ್ತು.

ಬಳಗಕ್ಕೆ ಮಾತ್ರ ಡಾಕ್ಟರು ಬೇರೆಯೇ ಕಥೆ ಹೇಳಿದರು. ಪ್ಲಗ್ ನೋಡಿ ಅನುಮಾನ ಬಂದದ್ದು ತಮಗೆ, ಹೊಗೆ ಊದಿಸಿದ್ದು ತಾವು, ಡಿಕ್ಕಿಯೊಳಗೆ ಇಳಿದು ಪತ್ತೆ ಹಚ್ಚಿದ್ದಂತೂ ಖಂಡಿತ ತಾವೇ. ಕಡೆಯದು ಸುಳ್ಳಲ್ಲವಾದ್ದರಿಂದ ಮೊದಲಿನ ಎರಡೂ ಅದರ ಬಲದಲ್ಲಿ ನಿಂತವು. ಮುಂದಿನ ಶನಿವಾರ ಬಿಲ್ಡರು, ಚಿನ್ನದಂಗಡಿಯವರು, ಔಷಧದವರು ಮೂವರೂ ಕಾರು ತಂದು ಹೊಗೆಯಕ್ಕನ ಶೆಡ್ಡಿನ ಮುಂದೆ ಸಾಲಾಗಿ ನಿಲ್ಲಿಸಿದರು. ಡಾಕ್ಟರು ಮುಂದಾಳು.

"ನಮ್ಮದ್ರಲ್ಲಿ ವಾಸನೆ ಗೀಸನೆ ಏನಿಲ್ಲ," ಎಂದರು ಬಿಲ್ಡರು. "ಸುಮ್ನೆ ಒಂದ್ಸಲ ನೋಡ್ಲಿ ಅಂತ."

"ಮನೇಲಿ ಯಾರಿಗಾದ್ರೂ ತಲೆನೋವು?" ಎಂದಳು ಹೊಗೆಯಕ್ಕ.

"ಛೆ, ಇಲ್ಲ... ನಮ್ಮನೆಯವಳಿಗೆ ಆಗಾಗ ಬರತ್ತೆ. ಅದು ಅವಳ ಕನ್ನಡಕದ ನಂಬರ್ರು."

"ನಮ್ಮಮ್ಮನಿಗೆ ತಲೆ ಸುತ್ತು," ಎಂದರು ಚಿನ್ನದಂಗಡಿಯವರು. "ಎಪ್ಪತ್ತಾಯ್ತಲ್ಲ."

ಔಷಧದವರು ತಮ್ಮ ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಮೂಸಿ ನೋಡಿದರು. ಅವರ ಮಗಳಿಗೆ ಕಾರಿನಲ್ಲಿ ಹೋದಾಗಲೆಲ್ಲ ವಾಂತಿ. ಅದಕ್ಕೆ ಅವರು ತಮ್ಮ ಗೋಡೌನಿನಿಂದಲೇ ಮಾತ್ರೆ ತಂದು ಕೊಡುತ್ತಿದ್ದರು.

"ಯಾವಾಗಿಂದ ಅಂತ ಫೋನ್ ಮಾಡಿ ಕೇಳಿ," ಎಂದಳು ಹೊಗೆಯಕ್ಕ. "ಕೇಳಿದ ಮೇಲೆ ಕೆಲಸ ಶುರು ಮಾಡ್ತೀನಿ."

ಮೂವರೂ ಮೊಬೈಲ್ ಕಿವಿಗಿಟ್ಟುಕೊಂಡು ಶೆಡ್ಡಿನ ಮೂರು ಮೂಲೆಗೆ ಹೋದರು. ಅವರಿಗಾಗಿ ಮೊದಲೇ ತಯಾರು ಮಾಡಿಕೊಂಡು ಬಂದಿದ್ದ ವಿವರಣೆಯೊಂದು ಡಾಕ್ಟರ ಬಾಯಲ್ಲೇ ಉಳಿಯಿತು. ಬಿಲ್ಡರ ಫೋನಿನ ಆಚೆಯಿಂದ ಹೆಂಗಸಿನ ದನಿ ಜೋರಾಗಿ, ಬಿಡುವಿಲ್ಲದೆ ಕೇಳುತ್ತಿತ್ತು. ಅವರು ಹೂಂ, ಹೂಂ ಎನ್ನುತ್ತ ಗೋಡೆಯ ಮಸಿಗೆ ಉಗುರಿನಿಂದ ಗೀರು ಹಾಕುತ್ತಿದ್ದರು.

ಕಡೆಗೆ ಫೋನ್ ಇಟ್ಟು ಬಂದು, "ಆರು ತಿಂಗಳಿಂದ ಹೇಳ್ತಿದ್ದಾಳಂತೆ," ಎಂದರು.

ಯಾರಿಗೆ ಎಂದು ಹೊಗೆಯಕ್ಕ ಕೇಳಲಿಲ್ಲ. ಜಾಕಿ ಎಳೆದುಕೊಂಡು ಮೊದಲನೆಯ ಕಾರಿನ ಅಡಿಗೆ ಹೋದಳು.